ಮಕ್ಕಳ ಥೆರಪಿಸ್ಟ್ ಆಗಲು ಏನು ಓದಬೇಕು?

ಮಡಿಕೇರಿಯಲ್ಲಿ ಪಿಯುಸಿ ಓದುವ ಮಕ್ಕಳ ಪೋಷಕರಿಂದ ಹಿಡಿದು ಮದುವೆಮನೆಯಲ್ಲಿ ಪಕ್ಕದ ಕುರ್ಚಿಗೆ ಬಂದು ಕೂತವರವರೆಗೆ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ಓದಿನ ಮಟ್ಟಿಗೆ ಉತ್ತರ ಚಿಕ್ಕದು. ನಾನು ಮನಃಶಾಸ್ತ್ರದಲ್ಲಿ ಪದವಿ, ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಕಲಿಯುವ ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ಎಂ.ಫಿಲ್ ಮಾಡಿದೆ. ಸಮಾಜಕಾರ್ಯ ಓದಿದವರಿಗೆ ಮನೋವೈದ್ಯಕೀಯ ಸಮಾಜಕಾರ್ಯದ ದಾರಿಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡಕ್ಕೂ ವಿಭಾಗಗಳಿವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕಾಗುವುದರಿಂದ, ಆನ್‌ಲೈನ್ ಸರ್ಟಿಫಿಕೇಟಿಗೆ ದುಡ್ಡು ಕಟ್ಟುವ ಮುನ್ನ ಕೋರ್ಸಿನ ಮಾನ್ಯತೆಯನ್ನು ವಿಚಾರಿಸಿಕೊಳ್ಳಿ.

ಓದಿನಲ್ಲಿ ನನಗೆ ತಲೆಗೆ ಹತ್ತದೆ ಉಳಿದದ್ದನ್ನು ಒಬ್ಬ ಹುಡುಗ ಕಲಿಸಿದ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದ ಮರುವರ್ಷದ ಮಳೆಗಾಲದಲ್ಲಿ, ದಿನಾ ಬೆಳಿಗ್ಗೆ ಹೊಟ್ಟೆನೋವೆಂದು ಅಳುವ ಒಂಬತ್ತು ವರ್ಷದ ಮಗನನ್ನು ತಂದೆ ಕರೆತಂದರು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. “ಇವನನ್ನೊಂದು ಸರಿಮಾಡಿ ಕೊಡಿ ಮೇಡಂ,” ಎಂದ ತಂದೆಯನ್ನು ವರಾಂಡದಲ್ಲಿ ಕೂರಿಸಿ, ಮೂರು ವಾರ ನಾನು ಹುಡುಗನೊಡನೆ ಮಾತ್ರ ಕೆಲಸ ಮಾಡಿದ್ದು ಶುದ್ಧ ತಪ್ಪು. ಅವನು ಆಟಿಕೆಯ ದನ, ಜೀಪು, ಗೊಂಬೆಗಳನ್ನೆಲ್ಲ ಮೇಜಿನ ನಡುವೆ ಒತ್ತೊತ್ತಾಗಿ ಇಡುತ್ತಿದ್ದ. ಶೀಟಿನ ಮೇಲೆ ಮಳೆ ಜೋರಾದರೆ ಗೋಡೆಯ ಕಡೆ ಇದ್ದವನ್ನು ಇನ್ನಷ್ಟು ಒಳಕ್ಕೆ ಸರಿಸುತ್ತಿದ್ದ. ನಾಲ್ಕನೆಯ ವಾರ ತಂದೆಯನ್ನು ಒಳಗೆ ಕರೆದು ಇದನ್ನು ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಇಳಿಜಾರು) ಜಾರಿದೆಯೇ ಎಂದು ತಾವು ರಾತ್ರಿ ನಾಲ್ಕೈದು ಸಲ ಟಾರ್ಚ್ ಹಿಡಿದು ನೋಡಿ ಬರುವುದಾಗಿ ಹೇಳಿದರು. ಮಗ ಮಲಗಿದ್ದಾನೆಂದೇ ಅವರು ತಿಳಿದಿದ್ದರು.

ಮುಂದಿನ ಕೆಲಸ ಇಬ್ಬರೊಡನೆಯೂ ನಡೆಯಿತು. ರಾತ್ರಿ ಎಂಟಕ್ಕೆ ಅಪ್ಪ ಮಗ ಇಬ್ಬರೂ ಒಟ್ಟಿಗೆ ಹೋಗಿ ಬರೆಯ ಬುಡದಲ್ಲಿ ನೆಟ್ಟ ಗೂಟವನ್ನು ನೋಡಿ ಬರುವುದು, ಬಿರುಕು ಕಂಡರೆ ಯಾರ ಮನೆಗೆ ಹೋಗುವುದೆಂದು ಮೊದಲೇ ಮಾತಾಡಿಕೊಳ್ಳುವುದು ಎಂದಾಯಿತು. ಅಪಾಯ ನಿಜವಾಗಿಯೇ ಇರುವ ಊರಿನಲ್ಲಿ “ಹೆದರಬೇಡ” ಎನ್ನುವುದು ಚಿಕಿತ್ಸೆಯಲ್ಲ. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡ ಮುಗಿಯುವ ಹೊತ್ತಿಗೆ ಹೊಟ್ಟೆನೋವು ವಾರಕ್ಕೊಮ್ಮೆಗೆ ಇಳಿದಿತ್ತು.

ಈ ಕೆಲಸಕ್ಕೆ ಬರುವವರು ಎರಡು ವಿಷಯಗಳಿಗೆ ಸಿದ್ಧರಾಗಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕಾದ್ದರಿಂದ, ಎಲ್ಲ ಗುಟ್ಟನ್ನೂ ಕಾಪಾಡುವೆನೆಂದು ಮಗುವಿಗೆ ಮಾತು ಕೊಡುವಂತಿಲ್ಲ. ಇನ್ನೊಂದು ಭಾಷೆ: ಶಾಲೆಯ ಕನ್ನಡದಲ್ಲಿ “ಏನಿಲ್ಲ” ಎನ್ನುವ ಮಗು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಯರವ ಬುಡಕಟ್ಟಿನವರ ಮಾತಿನಲ್ಲೋ ಬೇರೆಯದನ್ನೇ ಹೇಳೀತು. ನನಗೆ ಮೊದಲೆರಡು ಬರುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗಾಗಿ ಮೂರನೆಯದನ್ನು ಈಗ ಕಲಿಯುತ್ತಿದ್ದೇನೆ.