ಮೋನೆಯ ಹಿಮ ನೋಡಲು ಚಳಿಗಾಲದ ಪ್ಯಾರಿಸ್‌ಗೆ

ಮೊದಲು ನಮ್ಮ ಪೆದ್ದುತನ ಹೇಳಿಬಿಡುತ್ತೇನೆ. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ. ನಾವು ಸೋಮವಾರವೇ ಹೋದೆವು! ಜನವರಿಯ ಚಳಿ, ಸಣ್ಣಗೆ ಮಳೆ ಬೇರೆ. ಅಮ್ಮ ಮ್ಯೂಸಿಯಂ ಮುಂದಿರುವ ಆನೆಮರಿಯ ಪ್ರತಿಮೆ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಲ್ಲಿಗೆ ಆ ದಿನದ ಕಲಾದರ್ಶನ ಮುಗಿಯಿತು. ನೆನಪಿಡಿ, ಓರ್ಸೆಗೆ ಸೋಮವಾರ ರಜೆ, ಪ್ಯಾರಿಸ್‌ನ ಇನ್ನೆರಡು ಮ್ಯೂಸಿಯಂಗಳಾದ ಲೂವ್ರ್‌ಗೂ ಒರಾಂಜರಿಗೂ ಮಂಗಳವಾರ.

ನಾವು ಹೋಗಿದ್ದು ಒಂದೇ ಒಂದು ಚಿತ್ರಕ್ಕಾಗಿ. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆಯ ‘ಲಾ ಪಿ’, ಅಂದರೆ ಮ್ಯಾಗ್‌ಪೈ ಹಕ್ಕಿ. ಹಳೆಯ ಕ್ಯಾಲೆಂಡರ್ ಒಂದರಿಂದ ಕತ್ತರಿಸಿದ ಆ ಚಿತ್ರ ಸಾಗರದ ನಮ್ಮ ಮನೆಯ ಗೋಡೆಯಲ್ಲಿ ವರ್ಷಗಟ್ಟಲೆ ಇತ್ತು. ಅದನ್ನು ಎದುರೇ ನಿಂತು ನೋಡಬೇಕು ಅನ್ನೋದು ಅಮ್ಮನ ಆಸೆ.

ಗುರುವಾರ ಸಂಜೆ ಮತ್ತೆ ಹೋದೆವು. ಗುರುವಾರ ರಾತ್ರಿ 9:45ರವರೆಗೆ ತೆರೆದಿರುತ್ತದೆ, ಉಳಿದ ದಿನ 6ಕ್ಕೇ ಬಾಗಿಲು. ಸಂಜೆ 6ರ ನಂತರ ಟಿಕೆಟ್ ಅಗ್ಗ, ಗುಂಪುಗಳ ಗಲಾಟೆಯೂ ಕಮ್ಮಿ. ಜನವರಿಯಲ್ಲಿ ಐದೂಕಾಲು, ಐದೂವರೆಯ ಹೊತ್ತಿಗೆಲ್ಲ ಅಲ್ಲಿ ಸೂರ್ಯ ಮುಳುಗುತ್ತಾನೆ, ಹಾಗಾಗಿ ಹಗಲನ್ನು ಊರು ಸುತ್ತಲು ಇಟ್ಟುಕೊಂಡು ಸಂಜೆಯನ್ನು ಮ್ಯೂಸಿಯಂಗೆ ಕೊಡಿ. ಟಿಕೆಟ್ ಆನ್‌ಲೈನಲ್ಲೇ ತೆಗೆದುಕೊಂಡರೆ ಸಾಲು ಚಿಕ್ಕದು. 18 ವರ್ಷದೊಳಗಿನವರಿಗೆ ಉಚಿತ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ಆದರೆ ಮುಂಚೆಯೇ ಬುಕ್ ಮಾಡಿರಬೇಕು. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ.

ಕಟ್ಟಡ ಮೊದಲು ರೈಲ್ವೆ ಸ್ಟೇಷನ್. 1900ರಲ್ಲಿ ಕಟ್ಟಿದ್ದು, 1986ರಲ್ಲಿ ಮ್ಯೂಸಿಯಂ ಆಯಿತು. ಒಳಗೆ ದೊಡ್ಡ ಗಡಿಯಾರಗಳಿವೆ, ಎಲ್ಲರೂ ಅಲ್ಲೇ ಸೆಲ್ಫಿಗೆ ನಿಲ್ಲುತ್ತಾರೆ. ನೀವೂ ನಿಲ್ಲಿ, ಪರವಾಗಿಲ್ಲ. ಆದರೆ ಮೊದಲು ಮಾಹಿತಿ ಕೌಂಟರಿಗೆ ಹೋಗಿ ಚಿತ್ರ ಯಾವ ಕೋಣೆಯಲ್ಲಿದೆ ಎಂದು ಕೇಳಿ. ಚಿತ್ರಗಳ ಜಾಗ ಬದಲಾಗುತ್ತಿರುತ್ತದೆ, ಕೆಲವೊಮ್ಮೆ ಬೇರೆ ದೇಶದ ಪ್ರದರ್ಶನಕ್ಕೂ ಕಳಿಸುತ್ತಾರೆ. ಒಂದೇ ಚಿತ್ರ ನಂಬಿ ಹೊರಡುವವರು ಟಿಕೆಟ್‌ಗೆ ಮುಂಚೆಯೇ ಮ್ಯೂಸಿಯಂ ವೆಬ್‌ಸೈಟ್ ನೋಡಿಕೊಳ್ಳುವುದು ಒಳ್ಳೆಯದು.

ಚಿತ್ರ ಅಂದುಕೊಂಡದ್ದಕ್ಕಿಂತ ದೊಡ್ಡದು, 89 ಸೆಂಟಿಮೀಟರ್ ಎತ್ತರ, 130 ಅಗಲ. ಹಿಮ ಬಿದ್ದ ಹೊಲ, ತಡಿಕೆ ಬೇಲಿ, ಹಿಂದೆ ಮನೆಗಳು. ಎಡಗಡೆ ನಮ್ಮ ಮಲೆನಾಡಿನ ಉಣುಗೋಲಿನಂಥ ಒಂದು ಗೇಟು, ಅದರ ಮೇಲೆ ಕಪ್ಪಗೆ ಒಂದೇ ಹಕ್ಕಿ. ಕಾಗೆ ಜಾತಿಯದು, ನಮ್ಮ ಮಟಪಕ್ಷಿಯ ನೆಂಟ ಅನ್ನಬಹುದು. ಮನುಷ್ಯರು ಯಾರೂ ಇಲ್ಲ.

ಹತ್ತಡಿ ದೂರದಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಕುಕ್ಕುತ್ತದೆ. ಹತ್ತಿರ ಹೋದರೆ ಬಿಳಿಯೇ ಸಿಗುವುದಿಲ್ಲ! ಹಳದಿ, ಗುಲಾಬಿ, ತಿಳಿ ನೇರಳೆ, ಹೀಗೆ ಏನೇನೋ. ಬೇಲಿಯ ನೆರಳು ಪೂರ್ತಿ ನೀಲಿ. ಅಮ್ಮ ನೋಡಿದವರೇ, ‘ಬಿಳಿ ಪಂಚೆಗೆ ನೀಲಿ ಜಾಸ್ತಿ ಆದ ಹಾಗಿದೆ ಅಲ್ವಾ?’ ಎಂದರು. ನೆರಳು ಅಂದರೆ ಕಪ್ಪು ಅಥವಾ ಕಂದು ಎಂದು ನಂಬಿದ್ದ ಕಾಲ ಅದು. ಈ ಚಿತ್ರ ಬರೆದದ್ದು 1868-69ರ ಚಳಿಗಾಲದಲ್ಲಿ. 1869ರಲ್ಲಿ ಪ್ಯಾರಿಸ್‌ನ ಅಧಿಕೃತ ಕಲಾ ಪ್ರದರ್ಶನವಾದ ‘ಸಲಾನ್’ಗೆ ಕೊಟ್ಟಾಗ ಬೇಡವೆಂದು ವಾಪಸ್ ಕಳಿಸಿದ್ದರು. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು. ಆದರೆ ಆ ನೀಲಿ ಫೋನಿಗೆ ಬರುವುದಿಲ್ಲ, ಸುಮ್ನೆ ನಿಂತು ನೋಡಿ. ನಾವು ಮುಕ್ಕಾಲು ಗಂಟೆ ಅಲ್ಲೇ ಇದ್ದೆವು.

ಬಟ್ಟೆ ವಿಷಯದಲ್ಲಿ ಮೋನೆಯನ್ನೇ ಅನುಸರಿಸಿ. ಹಿಮದಲ್ಲಿ ಮೂರು ಕೋಟು ಹಾಕಿಕೊಂಡು, ಕೈಗವಸು ತೊಟ್ಟು, ಕಾಲು ಬೆಚ್ಚಗಿಡುವ ಪೆಟ್ಟಿಗೆ ಇಟ್ಟುಕೊಂಡು ಆತ ಚಿತ್ರ ಬರೆಯುತ್ತಿದ್ದುದನ್ನು ಕಂಡವರು ಆಗಿನ ಪತ್ರಿಕೆಯಲ್ಲಿ ಬರೆದಿದ್ದಾರೆ. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ವಾಸಿ, ಒಳಗೆ ಹೋದಾಗ ಬಿಚ್ಚಬಹುದು. ಶೂ ಮಾತ್ರ ನೀರು ಇಳಿಯದ್ದೇ ಬೇಕು. ಮತ್ತೆ, ಪ್ಯಾರಿಸ್‌ನಲ್ಲಿ ಹಿಮ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಬಿದ್ದರೂ ನಿಲ್ಲುವುದು ಅಪರೂಪ. ಜನವರಿಯಲ್ಲಿ ಹೆಚ್ಚಾಗಿ ಸಿಗುವುದು ಬೂದು ಆಕಾಶ, ಜಿಟಿಜಿಟಿ ಮಳೆ.

ಹಿಮದ ಚಿತ್ರ ಇನ್ನೂ ಬೇಕೆಂದರೆ ಮಾರ್ಮೊತಾಂ ಮ್ಯೂಸಿಯಂಗೆ ಹೋಗಿ, ಮೆಟ್ರೋ 9ನೇ ಲೈನ್, ಲಾ ಮ್ಯುಯೆತ್ ಸ್ಟೇಷನ್. ಮೋನೆ 1875ರಲ್ಲಿ ಬರೆದ ಹಿಮದಲ್ಲಿ ನಿಂತ ರೈಲು ಅಲ್ಲಿದೆ. ಇದಕ್ಕೂ ಸೋಮವಾರ ರಜೆ. ಜಿವರ್ನಿಯ ಮೋನೆ ತೋಟ ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಚ್ಚಿರುತ್ತದೆ, ಚಳಿಗಾಲದಲ್ಲಿ ಹೋಗುವವರು ಅದರ ಆಸೆ ಬಿಡಿ. ಊಟಕ್ಕೆ ಕಷ್ಟವಿಲ್ಲ. ಗಾರ್ ದ್ಯು ನೋರ್ ರೈಲ್ವೆ ಸ್ಟೇಷನ್ ಹತ್ತಿರ ಲಾ ಶಪೆಲ್ ಕಡೆ ಶ್ರೀಲಂಕಾ ತಮಿಳರ ಹೋಟೆಲುಗಳಿವೆ, ದೋಸೆ ಸಿಗುತ್ತದೆ. ನಮ್ಮನೆ ದೋಸೆಯಷ್ಟು ಗರಿ ಇಲ್ಲ, ಆದರೂ ಅಮ್ಮ ಎರಡು ತಿಂದರು.

ಒಂದು ದಿನ ಹೆಚ್ಚಿಗೆ ಇದ್ದರೆ ಚಿತ್ರ ಹುಟ್ಟಿದ ಎತ್ರೆತಾಗೆ ಹೋಗಿ. ನಾರ್ಮಂಡಿ ಕಡಲತೀರದ ಸಣ್ಣ ಊರು. ಆ ಚಳಿಗಾಲ ಮೋನೆ ತನ್ನ ಸಂಗಾತಿ ಕಮೀಲ್ ಜೊತೆ, ಪುಟ್ಟ ಮಗ ಜಾನ್ ಜೊತೆ ಅಲ್ಲಿದ್ದ. ಸೇಂಟ್ ಲಜಾರ್ ಸ್ಟೇಷನ್ನಿಂದ ಲ ಹಾವ್ರ್‌ಗೆ ರೈಲು, ಎರಡು ಗಂಟೆಗೆ ಸ್ವಲ್ಪ ಮೇಲೆ. ಅಲ್ಲಿಂದ ಬಸ್ಸು. ನಾವು ಹೋದ ದಿನ ಹಿಮವೂ ಇಲ್ಲ, ಹಕ್ಕಿಯೂ ಇಲ್ಲ, ಬರೀ ಗಾಳಿ. ಬಿಳಿ ಸುಣ್ಣದ ಬಂಡೆಗಳ ಮೇಲಿನ ದಾರಿ ಕೆಸರಾಗಿ ಜಾರುತ್ತಿತ್ತು, ಮಂಡಿನೋವು ಇರುವವರು ಹತ್ತದಿರುವುದೇ ಮೇಲು. ಅಮ್ಮ ಕೆಳಗೆ ದಡದಲ್ಲಿ ಕೂತು ನುಣುಪಾದ ಒಂದು ಕಲ್ಲು ಆರಿಸಿದ್ದರು, ತುಳಸಿಕಟ್ಟೆಗಂತೆ. ಅಲ್ಲಿಂದ ಕಲ್ಲು ಒಯ್ದರೆ ದಂಡ! ಹಾಗೆಂದು ಹೇಳಿದ ಮೇಲೆ ಒಲ್ಲದ ಮನಸ್ಸಿನಿಂದ ಇಟ್ಟು ಬಂದರು.

ವಾಪಸ್ ಬಸ್ಸಿನ ವೇಳಾಪಟ್ಟಿಯನ್ನು ಇಳಿದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಬಸ್ಸು ತಪ್ಪಿಸಿಕೊಂಡು, ಮುಂದಿನದು ಬರುವವರೆಗೆ ನಾವು ಬೇಕರಿಯೊಂದರಲ್ಲಿ ಕೂತು ಮೂರು ಸಲ ಕಾಫಿ ಕುಡಿದೆವು.