ಗಾಮ್ಲಾ ಸ್ಟಾನ್‌ನ ಮೂಲೆಗಲ್ಲು

ಸ್ಟಾಕ್‌ಹೋಮ್‌ನಲ್ಲಿ ಎರಡು ದಿನ ಬಿಡುವು ಸಿಕ್ಕಿತ್ತು. ಎರಡೂ ದಿನ ಗಾಮ್ಲಾ ಸ್ಟಾನ್‌ನಲ್ಲೇ ಸುಮ್ನೆ ಅಲೆದೆ. ಆ ಹೆಸರಿನ ಅರ್ಥವೇ ಹಳೇ ಪಟ್ಟಣ. ಅರಮನೆ ಕಡೆ ಜನ ಜಾಸ್ತಿ. ನನ್ನನ್ನು ಎಳೆದದ್ದು ಓಣಿಗಳು.

ಮೋರ್ಟೆನ್ ಟ್ರೋತ್ಸಿಗ್ ಎಂಬ ಹಳೇ ಕಾಲದ ವ್ಯಾಪಾರಿಯ ಹೆಸರಿನ ಓಣಿಯಲ್ಲಿ 36 ಮೆಟ್ಟಿಲು. ಒಂದು ಕಡೆಯಂತೂ ಅಗಲ ಬರೀ 90 ಸೆಂಟಿಮೀಟರ್. ಮೇಲಿಂದ ಒಬ್ಬ ಅಜ್ಜಿ ಇಳಿದು ಬಂದರು. ನಾನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆ. ಬೆನ್ನಿಗೆ ಗೋಡೆಯ ತಂಪು ತಾಗಿತು.

ಇಲ್ಲಿ ತಲೆ ಎತ್ತಿ ನಡೆಯಬೇಕು. ಮನೆಗಳ ಮುಂಗೋಡೆಯಲ್ಲಿ ಸಾಲಾಗಿ ಕಬ್ಬಿಣದ ಪಟ್ಟಿಗಳು ಕಾಣುತ್ತವೆ. ನಾನು ಅಲಂಕಾರ ಅಂದುಕೊಂಡಿದ್ದೆ. ಒಳಗಿನ ತೊಲೆಗಳಿಗೆ ಗೋಡೆಯನ್ನು ಬಿಗಿದು ಹಿಡಿದಿರುವುದೇ ಅವು! ಆ ಸಾಲು ನೋಡಿಯೇ ಮಹಡಿ ಎಲ್ಲಿದೆ ಅಂತ ಹೇಳಬಹುದು.

ಎಸ್ಟರ್‌ಲೋಂಗ್‌ಗಾತನ್ ಎಂಬ ಬೀದಿ ಒಂದು ಕಾಲಕ್ಕೆ ನೀರಿನ ದಡ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಇಲ್ಲಿನ ನೆಲ ಮೇಲೇಳುತ್ತಾ ಬಂದಿದೆ, ಈಗಲೂ ಏಳುತ್ತಿದೆ. ಜನರೂ ಮಣ್ಣು ತುಂಬಿಸುತ್ತಾ ಹೋದರು. ಈಗ ನೀರು ನೋಡಬೇಕೆಂದರೆ ಇನ್ನೂ ಒಂದು ಓಣಿ ಪೂರ್ತಿ ಇಳಿಯಬೇಕು.

ಆದರೆ ನಾನು ಎರಡನೇ ದಿನವೂ ಹುಡುಕಿಕೊಂಡು ಹೋದದ್ದು ಒಂದು ಕಲ್ಲನ್ನು. ಪ್ರೆಸ್ಟ್‌ಗಾತನ್ ಮತ್ತು ಕೋಕ್‌ಬ್ರಿಂಕನ್ ಬೀದಿಗಳು ಸೇರುವ ಮೂಲೆ. ಅಲ್ಲಿ ಒಂದು ಹಳೇ ಫಿರಂಗಿಯ ನಳಿಗೆಯನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ತಿರುಗುವ ಗಾಡಿಯ ಚಕ್ರ ಗೋಡೆಗೆ ಉಜ್ಜದಿರಲಿ ಅಂತ. ಅದರ ಹಿಂದೆಯೇ, ಗೋಡೆಯಲ್ಲಿ ಹುದುಗಿದ ಒಡೆದ ಕಲ್ಲು. ಮೈಮೇಲೆ ರೂನ್ ಲಿಪಿ, ಅಂದರೆ ಈ ಉತ್ತರದ ನಾಡುಗಳ ಪುರಾತನ ಬರಹ. ಸ್ಟಾಕ್‌ಹೋಮ್ ಎಂಬ ಹೆಸರು ದಾಖಲೆಯಲ್ಲಿ ಮೊದಲು ಬರುವುದು 1252ರಲ್ಲಿ. ಕಲ್ಲು ಅದಕ್ಕಿಂತಲೂ ಹಳೆಯದು. ಮನೆ ಕಟ್ಟಿದವರಿಗೆ ಗಟ್ಟಿ ಕಲ್ಲು ಬೇಕಿತ್ತು, ಇದು ಸಿಕ್ಕಿತು, ಇಟ್ಟರು. ನಮ್ಮಲ್ಲೂ ವೀರಗಲ್ಲು ಹೀಗೇ ಎಷ್ಟೋ ಗೋಡೆ ಸೇರಿವೆ, ಅಲ್ವಾ?

ಅದರಲ್ಲಿ ಓದಲು ಸಿಗುವುದು ಇಷ್ಟೇ: ತೋರ್‌ಸ್ಟೆನ್ ಮತ್ತು ಫ್ರೇಗುನ್ ತಮ್ಮ ಮಗನ ನೆನಪಿಗೆ ನಿಲ್ಲಿಸಿದ ಕಲ್ಲು. ಅಪ್ಪ ಅಮ್ಮನ ಹೆಸರು ಉಳಿದಿದೆ. ಮಗನ ಹೆಸರಿಲ್ಲ.

ಕಲ್ಲು ಒಡೆದಿರುವ ಅಂಚಿನ ಮೇಲೆ ಬೆರಳಾಡಿಸಿದೆ. ಅಲ್ಲಿಂದ ಮುಂದೆ ಬರೀ ಗಾರೆ.