ಅವಳೇ ಬಾರಿಸಿದ್ದಾ?

"ನಿಜವಾಗ್ಲೂ ನಿನ್ನ ಮಗಳೇ ಬಾರಿಸಿದ್ದೇನಮ್ಮಾ? ಹಿಂದೆ ರೆಕಾರ್ಡ್ ಹಾಕಿರ್ಲಿಲ್ವಾ?"

ಭಾನುವಾರ ಯುಗಾದಿ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಕೇಳಿದ ಮಾತು. ಕೈಯಲ್ಲಿ ತಟ್ಟೆ, ಮುಖದ ತುಂಬ ನಗು. ಒಳ್ಳೆಯವರೇ. ನಾವು ಲಂಡನ್ನಿಗೆ ಬಂದ ಹೊಸತರಲ್ಲಿ ಮನೆ ಹುಡುಕಿಕೊಟ್ಟವರು. ಅದಕ್ಕೇ ನಾನೂ ಹಲ್ಲು ಕಿರಿದು "ಅವಳೇ ಅಂಕಲ್" ಅಂದೆ. ಪಕ್ಕದಲ್ಲೇ ಇದ್ದ ಮಗಳು ಏನೂ ಅನ್ನಲಿಲ್ಲ. ಡ್ರಮ್ಸ್ ಕೋಲುಗಳನ್ನು ಚೀಲಕ್ಕೆ ತುರುಕಿದಳು.

ಮನೆಗೆ ಹೋಗುವ ಬಸ್ಸು ಹಾಲೊವೇ ರೋಡಿನಲ್ಲಿ ಹಾಯುತ್ತದೆ. 304ನೇ ನಂಬರಿನ ಗೋಡೆಯ ಮೇಲೆ ರೆಕಾರ್ಡ್ ನಿರ್ಮಾಪಕ ಜೋ ಮೀಕ್ ಹೆಸರಿನ ಫಲಕವಿದೆ. ಕೆಳಗೆ ಅಂಗಡಿ, ಮೇಲಿನ ಬಾಡಿಗೆ ಮನೆಯೇ ಆತನ ಸ್ಟುಡಿಯೋ. ಹನಿಕೋಂಬ್ಸ್ ಅನ್ನೋ ಅರವತ್ತರ ದಶಕದ ಪಾಪ್ ತಂಡದ ಹಾಡು ಅಲ್ಲೇ ರೆಕಾರ್ಡ್ ಆಗಿದ್ದು. ಫಲಕದಲ್ಲಿ ಅವರ ಹೆಸರಿಲ್ಲ. ಇರೋದಕ್ಕೆ ಅವರೇನು ಬೀಟಲ್ಸಾ?

ಮಗಳು ಕಿಟಕಿಗೆ ಮುಖ ಒತ್ತಿ ಕೂತಿದ್ದಳು. ಆದರೂ ಹೇಳುತ್ತಾ ಹೋದೆ. ಆ ತಂಡ ಕಟ್ಟಿದವನು ಮಾರ್ಟಿನ್ ಮರ್ರೆ ಅಂತ ಕೇಶ ವಿನ್ಯಾಸಕ. ಅವನ ಸಲೂನಿನಲ್ಲಿ ಕೆಲಸಕ್ಕಿದ್ದ ಹುಡುಗಿ ಹನಿ ಲ್ಯಾಂಟ್ರಿ. ಒಂದಿನ ಸುಮ್ನೆ ಡ್ರಮ್ಸ್ ಮುಂದೆ ಕೂತಳು, ಮತ್ತೆ ಏಳಲಿಲ್ಲ. ಅವಳ ಹೆಸರಿನ ಹನಿ, ಸಲೂನಿನ ಬಾಚಣಿಗೆ ಅಂದರೆ ಕೋಂಬ್, ಎರಡನ್ನೂ ಸೇರಿಸಿದರೆ ಇಂಗ್ಲಿಷಿನಲ್ಲಿ ಜೇನುಗೂಡು. ರೆಕಾರ್ಡ್ ಕಂಪನಿಯವರಿಗೆ ಇಂಥ ಜೋಕೆಂದರೆ ಪ್ರಾಣ. ಮೊದಲ ಹಾಡು 'ಹ್ಯಾವ್ ಐ ದ ರೈಟ್' 1964ರ ಜೂನಿನಲ್ಲಿ ಬಂತು. ಆಗಸ್ಟ್ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ನಂಬರ್ ಒನ್. ಅಮೆರಿಕದಲ್ಲೂ ಐದನೇ ಜಾಗ.

"ಆಮೇಲೆ?" ಅಂದಳು.

ಆಮೇಲೇನು, ಅದೇ ಪ್ರಶ್ನೆ. ನಿಜವಾಗ್ಲೂ ಅವಳೇ ಬಾರಿಸಿದ್ದಾ? ಡ್ರಮ್ಸ್ ಹಿಂದೆ ಹುಡುಗಿಯನ್ನು ಕೂರಿಸಿದ್ದು ಬರೀ ಗಿಮಿಕ್ಕು ಅಂತ ಗುಮಾನಿ. ಹಾಡಿನ ಹೆಸರೇ "ನನಗೆ ಹಕ್ಕಿದೆಯಾ?" ಅದು ಪ್ರೇಮದ ಹಾಡು ನಿಜ. ಆದರೆ ಭಾನುವಾರದಿಂದ ನನ್ನ ಕಿವಿಗೆ ಬೇರೆ ಥರವೇ ಕೇಳುತ್ತಿದೆ.

ತಮಾಷೆ ಏನು ಗೊತ್ತಾ? ಆ ಹಾಡಿನಲ್ಲಿ ಡಬ್ ಡಬ್ ಅನ್ನೋದು ಬರೀ ಡ್ರಮ್ಸ್ ಅಲ್ಲ. ಮೀಕ್ ತಂಡದವರನ್ನು ಆ ಮನೆಯ ಮರದ ಮೆಟ್ಟಿಲ ಮೇಲೆ ನಿಲ್ಲಿಸಿ ಕಾಲು ಕುಟ್ಟಿಸಿದ. ಸೈಕಲ್ ತುಳಿಯುವವರು ಪ್ಯಾಂಟಿಗೆ ಹಾಕಿಕೊಳ್ಳುವ ಕ್ಲಿಪ್ಪಿನಿಂದ ಐದು ಮೈಕುಗಳನ್ನು ಕಟಕಟೆಗೆ ಸಿಕ್ಕಿಸಿದ. ಅಂದರೆ ಗಂಡಸರೂ ತಾಳ ಹಾಕಿದ್ದರು. ಅವರನ್ನು ಯಾರಾದರೂ ಕೇಳಿದರಾ, "ನೀವೇ ಕುಟ್ಟಿದ್ದಾ?" ಅಂತ?

ಮುಂದಿನದು ಬೇಗ ಮುಗಿಯಿತು. ಸ್ವೀಡನ್, ಜಪಾನಿನಲ್ಲಿ ಜನ ಹುಚ್ಚೆದ್ದು ಕೇಳಿದರು. ಇಲ್ಲಿ 1965ರಲ್ಲಿ ಒಂದು ಹಾಡು 12ನೇ ಜಾಗಕ್ಕೆ ಬಂತು, ಅದರಲ್ಲಿ ಹನಿಯ ದನಿಯೂ ಇದೆ. 1967ರ ಫೆಬ್ರವರಿ 3ರಂದು ಮೀಕ್ ಮನೆ ಒಡತಿಗೆ ಗುಂಡು ಹೊಡೆದು ತಾನೂ ಹೊಡೆದುಕೊಂಡ. ಅದೇ ವರ್ಷ ತಂಡವೂ ಚದುರಿತು. ಮೀಕ್ ಜೀನಿಯಸ್ ಅಂತಾರೆ. ಇರಬಹುದು. ನನಗೆ ಮಾತ್ರ ಆ ಫಲಕ ನೋಡಿದಾಗೆಲ್ಲ ಆ ಹೆಂಗಸಿನ ನೆನಪೇ ಜಾಸ್ತಿ. ಇದನ್ನು ಮಗಳಿಗೆ ಹೇಳಲಿಲ್ಲ. ಹನಿ 2018ರಲ್ಲಿ, 75ರ ವಯಸ್ಸಿನಲ್ಲಿ ತೀರಿಕೊಂಡರು ಅಂತಷ್ಟೇ ಹೇಳಿದೆ.

ನಾನು "ಹೂಂ ಅಂಕಲ್, ಅವಳೇ. ನೀವೂ ಒಂದ್ಸಲ ಬಾರಿಸಿ ನೋಡ್ತೀರಾ?" ಅನ್ನಬೇಕಿತ್ತು. ಸೋಮವಾರ ಪಾತ್ರೆ ತೊಳೆಯುತ್ತಾ ಹೊಳೆಯಿತು. ಒಬ್ಬಳೇ ಜೋರಾಗಿ ಹೇಳಿಯೂ ನೋಡಿದೆ. ಚೆನ್ನಾಗಿತ್ತು.

ನಿನ್ನೆ ಸಂಜೆ ಮಗಳು ತನ್ನ ಕೂದಲಿನ ಕ್ಲಿಪ್ಪಿನಿಂದ ಫೋನನ್ನು ನಮ್ಮ ಮೆಟ್ಟಿಲ ಕಟಕಟೆಗೆ ಸಿಕ್ಕಿಸಿದಳು. "ಬಾ ಅಮ್ಮ, ಕುಟ್ಟು" ಅಂದಳು. ಇಬ್ಬರೂ ಏದುಸಿರು ಬರುವ ತನಕ ಕುಟ್ಟಿದೆವು. ಆಮೇಲೆ ಹಾಕಿ ಕೇಳಿದರೆ ದಿಂಬಿಗೆ ಗುದ್ದಿದ ಸದ್ದು. ಈ ದೇಶದಲ್ಲಿ ಮೆಟ್ಟಿಲಿಗೂ ಕಾರ್ಪೆಟ್ ಹಾಸ್ತಾರಲ್ಲ.